ಡಯಾಲಿಸಿಸ್ ಕುರ್ಚಿಗೆ ಬರುವ ಮೊದಲೇ ಹೇಳಿ: ಅಮೆರಿಕದ ಕನ್ನಡಿಗ ಕಿಡ್ನಿ ವೈದ್ಯರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವೈದ್ಯರೇ,

ಅಮೆರಿಕದ ಕಿಡ್ನಿ ವೈದ್ಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಬೇರೆ ದೇಶದಲ್ಲಿ ವೈದ್ಯಕೀಯ ಓದಿ ಬಂದವರು. ಅವರಲ್ಲಿ ಭಾರತದವರು ಬಹಳ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆ, ಮಣಿಪಾಲದ ಕಾಲೇಜುಗಳಿಂದ ಹೊರಟು ಹೂಸ್ಟನ್, ಡಲ್ಲಾಸ್, ಫೀನಿಕ್ಸ್, ಫ್ರೆಸ್ನೊ ಕಡೆ ನೆಲೆನಿಂತ ನಿಮ್ಮಂಥವರನ್ನು ಯುಗಾದಿ, ರಾಜ್ಯೋತ್ಸವದ ಸಭೆಗಳಲ್ಲಿ ನೋಡುತ್ತಲೇ ಇದ್ದೇನೆ. ನಿಮ್ಮಲ್ಲಿ ಅನೇಕರು ಡಯಾಲಿಸಿಸ್ ಕೇಂದ್ರಗಳ ಮೆಡಿಕಲ್ ಡೈರೆಕ್ಟರ್‌ಗಳು. ಆ ಕೇಂದ್ರದಲ್ಲಿ ರೋಗಿಗೆ ಏನನ್ನು, ಯಾವಾಗ, ಯಾವ ಭಾಷೆಯಲ್ಲಿ ಹೇಳಬೇಕು ಎಂದು ತೀರ್ಮಾನಿಸುವ ಅಧಿಕಾರ ನಿಮ್ಮ ಕೈಯಲ್ಲಿದೆ. ನಾನು ಟೆಕ್ಸಾಸ್‌ನ ಒಂದು ಡಯಾಲಿಸಿಸ್ ಕೇಂದ್ರದಲ್ಲಿ ಡಯಟಿಷಿಯನ್, ಅಂದರೆ ಆಹಾರ ಸಲಹೆಗಾರ್ತಿ. ಆ ಅಧಿಕಾರ ನನಗಿಲ್ಲದ್ದರಿಂದ ಈ ಪತ್ರ.

ನಮ್ಮ ಕೇಂದ್ರದ ಕುರ್ಚಿಗಳಲ್ಲಿ ಕೂರುವವರಲ್ಲಿ ಹೆಚ್ಚಿನವರು ಮೆಕ್ಸಿಕೊ, ಎಲ್ ಸಾಲ್ವಡೋರ್, ಗ್ವಾಟೆಮಾಲಾ, ಹೊಂಡುರಾಸ್‌ನಿಂದ ಬಂದವರು. ಮನೆ ಕಟ್ಟುವವರು, ಛಾವಣಿ ಹೊದಿಸುವವರು, ಹೋಟೆಲಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವರು, ನಮ್ಮ ನಿಮ್ಮ ಮನೆಯ ಹುಲ್ಲು ಕತ್ತರಿಸುವವರು. ಹೊಸಬರು ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ, "ಕಿಡ್ನಿಗೆ ತೊಂದರೆ ಇದೆ ಎಂದು ನಿಮಗೆ ಮೊದಲು ತಿಳಿದದ್ದು ಯಾವಾಗ?" ಮತ್ತೆ ಮತ್ತೆ ಬರುವ ಉತ್ತರ ಒಂದೇ: ಉಸಿರು ಕಟ್ಟಿ ಎಮರ್ಜೆನ್ಸಿಗೆ ಹೋದ ರಾತ್ರಿ, ಕುತ್ತಿಗೆಯ ರಕ್ತನಾಳಕ್ಕೆ ಕ್ಯಾಥೆಟರ್ ಎಂಬ ಕೊಳವೆ ಹಾಕಿದ ಮೇಲೆ. ಅದಕ್ಕೂ ಮುಂಚೆ ಸಕ್ಕರೆ ಕಾಯಿಲೆಗೆ ಮಾತ್ರೆ ತಿನ್ನುತ್ತಿದ್ದವರು ಇವರು. ಎಲ್ಲೋ ಒಂದು ಕ್ಲಿನಿಕ್‌ನಲ್ಲಿ ರಕ್ತ ಕೊಟ್ಟವರು. ಕಿಡ್ನಿ ಸೋಲುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರುತ್ತಿರುವುದು ಯಾವುದೋ ಕಂಪ್ಯೂಟರಿನಲ್ಲಿ ದಾಖಲಾಗಿತ್ತು. ಅದನ್ನು ಅವರಿಗೆ ಅರ್ಥವಾಗುವಂತೆ ಯಾರೂ ಕೂತು ಹೇಳಿರಲಿಲ್ಲ.

ಈ ದೇಶದಲ್ಲಿ ಕಿಡ್ನಿ ಕಾಯಿಲೆ ಇರುವ ವಯಸ್ಕರು ಸುಮಾರು ಮೂರೂವರೆ ಕೋಟಿ, ಅಂದರೆ ಏಳರಲ್ಲಿ ಒಬ್ಬರು. ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ತಮಗದು ಇದೆಯೆಂದೇ ಗೊತ್ತಿಲ್ಲ. ಲ್ಯಾಟಿನ್ ಅಮೆರಿಕ ಮೂಲದ, ಅಂದರೆ ಲ್ಯಾಟಿನೊ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಬಾಳಿನಲ್ಲಿ ಎಂದಾದರೊಮ್ಮೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆಯಿದೆ ಎಂದು ಸರ್ಕಾರದ ರೋಗ ನಿಯಂತ್ರಣ ಕೇಂದ್ರವೇ ಹೇಳುತ್ತದೆ. ಇವೆಲ್ಲ ನಿಮಗೆ ಗೊತ್ತಿರುವ ಸಂಗತಿ. ಆದರೆ ಈ ಅಂಕಿಗಳು ವಲಸಿಗರಿಗೆ ಬಂದಾಗ ಯಾಕೆ ಬೇರೆಯದೇ ಅರ್ಥ ಪಡೆಯುತ್ತವೆ ಎಂಬುದನ್ನು ಕನ್ನಡ ಓದುಗರೂ ತಿಳಿಯಲಿ ಎಂದು ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

1972ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ ಕಾನೂನಿನಿಂದ ಕಿಡ್ನಿ ಸೋತವರಿಗೆ ವಯಸ್ಸು ನೋಡದೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಸಿಗುವಂತಾಯಿತು. ಬೇರೆ ಯಾವ ದೊಡ್ಡ ಕಾಯಿಲೆಗೂ ಅಮೆರಿಕ ಆಗ ಅಂಥ ಮಾತು ಕೊಟ್ಟಿರಲಿಲ್ಲ. ಆದರೆ ಆ ಮಾತಿನೊಳಗೆ ಕಾಗದಪತ್ರ ಇಲ್ಲದ ವಲಸಿಗರು ಸೇರಲಿಲ್ಲ. ಸಂಬಳದಲ್ಲಿ ಸಾಮಾಜಿಕ ಭದ್ರತೆಯ ತೆರಿಗೆ ಮುರಿಸಿಕೊಂಡವರು ಅವರಲ್ಲಿ ಎಷ್ಟೋ ಜನ, ಆದರೂ ಅದರ ಫಲ ಅವರಿಗಿಲ್ಲ. 1986ರ ಇನ್ನೊಂದು ಕಾನೂನಿನ ಪ್ರಕಾರ ಎಮರ್ಜೆನ್ಸಿಗೆ ಬಂದ ಯಾರನ್ನೂ ತಪಾಸಣೆ ಮಾಡದೆ, ಜೀವಕ್ಕೆ ಅಪಾಯವಿದ್ದರೆ ಅದನ್ನು ತಡೆಯದೆ ಕಳಿಸುವಂತಿಲ್ಲ. ಈ ಎರಡು ಕಾನೂನುಗಳ ನಡುವೆ ಹುಟ್ಟಿದ್ದು ಎಮರ್ಜೆನ್ಸಿ ಡಯಾಲಿಸಿಸ್. ವಾರಕ್ಕೆ ಮೂರು ಸಲ ಆಗಬೇಕಾದ ಚಿಕಿತ್ಸೆಗೆ ಈ ರೋಗಿ ಕಾಯಬೇಕು. ಶ್ವಾಸಕೋಶಕ್ಕೆ ನೀರು ತುಂಬುವವರೆಗೆ, ಪೊಟ್ಯಾಶಿಯಂ ಹೃದಯವನ್ನು ನಿಲ್ಲಿಸುವ ಮಟ್ಟಕ್ಕೆ ಏರುವವರೆಗೆ ಕಾದು, ಆಮೇಲೆ ಬಂದು, ರಕ್ತ ಪರೀಕ್ಷೆಯಲ್ಲಿ "ಇನ್ನೂ ಅಷ್ಟು ಕೆಟ್ಟಿಲ್ಲ" ಎಂದಾದರೆ ಮನೆಗೆ ವಾಪಸಾಗಬೇಕು.

ಡೆನ್ವರ್‌ನ ವೈದ್ಯೆ ಲಿಲಿಯಾ ಸರ್ವಾಂಟೆಸ್ ಮತ್ತು ಅವರ ಸಂಗಡಿಗರು ಡೆನ್ವರ್, ಹೂಸ್ಟನ್, ಸ್ಯಾನ್ ಫ್ರಾನ್ಸಿಸ್ಕೊಗಳ ರೋಗಿಗಳನ್ನು ಹೋಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೀವು ಓದಿರುತ್ತೀರಿ. ಎಮರ್ಜೆನ್ಸಿಯಲ್ಲಿ ಮಾತ್ರ ಡಯಾಲಿಸಿಸ್ ಪಡೆದವರು ಐದು ವರ್ಷಗಳೊಳಗೆ ಸಾಯುವ ಸಂಭವ, ನಿಯಮಿತವಾಗಿ ಪಡೆದವರಿಗಿಂತ 14 ಪಟ್ಟು ಹೆಚ್ಚಿತ್ತು. ಮರುವರ್ಷ ಡಲ್ಲಾಸ್‌ನಿಂದ ಬಂದ ಅಧ್ಯಯನದಲ್ಲಿ, ಖಾಸಗಿ ವಿಮೆ ಕೊಂಡು ನಿಯಮಿತ ಡಯಾಲಿಸಿಸ್‌ಗೆ ಹೋದವರಲ್ಲಿ ಒಂದು ವರ್ಷದೊಳಗೆ ತೀರಿಕೊಂಡವರು ನೂರಕ್ಕೆ 3, ಎಮರ್ಜೆನ್ಸಿಯಲ್ಲೇ ಉಳಿದವರಲ್ಲಿ 17. ಖರ್ಚೂ ನಿಯಮಿತ ಚಿಕಿತ್ಸೆಯಲ್ಲೇ ಕಡಿಮೆ, ಒಬ್ಬ ರೋಗಿಗೆ ತಿಂಗಳಿಗೆ ಐದು ಸಾವಿರ ಡಾಲರ್‌ಗೂ ಮಿಕ್ಕಿ ಉಳಿತಾಯ. 2019ರ ಫೆಬ್ರವರಿಯಲ್ಲಿ ಕೊಲರಾಡೊ ರಾಜ್ಯ ಬಡವರ ಸರ್ಕಾರಿ ವಿಮೆಯಾದ ಮೆಡಿಕೈಡ್‌ನ ಎಮರ್ಜೆನ್ಸಿ ನಿಯಮದೊಳಗೆ ನಿಯಮಿತ ಡಯಾಲಿಸಿಸ್ ಸೇರಿಸಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಅದು ಮೊದಲೇ ಇತ್ತು. ಟೆಕ್ಸಾಸ್‌ನಲ್ಲಿ ಯಾವ ಕೌಂಟಿಯಲ್ಲಿ (ಜಿಲ್ಲೆಯಲ್ಲಿ) ಬಾಡಿಗೆಗಿದ್ದೀರಿ ಎಂಬುದರ ಮೇಲೆ ಆಯುಷ್ಯ ನಿಂತಿದೆ.

ಇದು ಅವರ ಪಾಡು, ನಮಗೇನು ಎನ್ನುವಂತೆಯೂ ಇಲ್ಲ. ಗ್ರೀನ್ ಕಾರ್ಡ್ ಮೇಲೆ ಬಂದು ಮಗನ ಮನೆಯಲ್ಲಿರುವ ನಮ್ಮ ಅಪ್ಪ ಅಮ್ಮಂದಿರು ಐದು ವರ್ಷ ತುಂಬುವವರೆಗೆ ದುಡ್ಡು ಕೊಡುತ್ತೇವೆಂದರೂ ಮೆಡಿಕೇರ್ ಕೊಳ್ಳಲಾರರು. ಅಂಥ ಮನೆಯೊಂದರಲ್ಲಿ ಕ್ರಿಯಾಟಿನಿನ್ ಏರಿದಾಗ ಊರಿಗೆ ಟಿಕೆಟ್ ಮಾಡಿಸಬೇಕೋ ಬೇಡವೋ ಎಂದು ಇಡೀ ಸಂಸಾರ ರಾತ್ರಿಯೆಲ್ಲ ಎದ್ದು ಕೂರುವುದನ್ನು ನೀವು ಕಂಡಿದ್ದೀರಿ. ನಮ್ಮವರಿಗೆ ಹಿಂದಿರುಗಿದರೆ ಒಂದು ಊರಿದೆ, ನಿಮ್ಮಂಥ ಪರಿಚಯದ ಡಾಕ್ಟರರ ಫೋನ್ ನಂಬರ್ ಇದೆ. 2009ರಲ್ಲಿ ಅಟ್ಲಾಂಟಾದ ಗ್ರೇಡಿ ಆಸ್ಪತ್ರೆ ತನ್ನ ಡಯಾಲಿಸಿಸ್ ಕ್ಲಿನಿಕ್ ಮುಚ್ಚಿದಾಗ ಅಲ್ಲಿನ ಕೆಲವು ರೋಗಿಗಳು ಮೆಕ್ಸಿಕೊಗೆ ಹಿಂದಿರುಗಿದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಲವೇ ತಿಂಗಳ ಏರ್ಪಾಡು.

ಕಾನೂನು ಬದಲಾಗಬೇಕು ನಿಜ. ಅದು ನಿಮ್ಮೊಬ್ಬರಿಂದ ಆಗುವುದಲ್ಲ. ಆದರೆ ತಿಳಿಸಿ ಹೇಳುವ ಕೆಲಸ ನಿಮ್ಮಿಂದ ಆಗುತ್ತದೆ. ಕಾನೂನು ಇಷ್ಟು ಕಠಿಣವಾಗಿರುವಾಗ ಆ ಕೆಲಸದ ಬೆಲೆ ಇನ್ನೂ ಹೆಚ್ಚು, ಏಕೆಂದರೆ ಕಿಡ್ನಿಯನ್ನು ಐದು ವರ್ಷ ಹೆಚ್ಚು ಉಳಿಸಿಕೊಂಡರೆ ಆ ಐದು ವರ್ಷ ರೋಗಿ ಎಮರ್ಜೆನ್ಸಿ ಬಾಗಿಲಿಗೆ ಹೋಗಬೇಕಾಗಿಲ್ಲ. 2010ರಿಂದ ಮೆಡಿಕೇರ್, ಐದು ಹಂತಗಳಲ್ಲಿ ನಾಲ್ಕನೇ ಹಂತದ ಕಿಡ್ನಿ ಕಾಯಿಲೆ ಇರುವವರಿಗೆ ಕಾಯಿಲೆಯ ಬಗ್ಗೆ ಆರು ಪಾಠಗಳವರೆಗೆ ಹಣ ಕೊಡುತ್ತದೆ. ಮೆಡಿಕೇರ್ ಇಲ್ಲದವನಿಗೆ ಆ ಪಾಠ ಇಲ್ಲ. ಬಿಲ್ ಮಾಡಲು ಬರುವುದಿಲ್ಲವೆಂದು ಯಾರೂ ಕೂತು ಹೇಳುವುದೂ ಇಲ್ಲ. ಹೀಗೆ, ಯಾರಿಗೆ ತಡವಾದರೆ ಜೀವವೇ ಹೋಗುತ್ತದೆಯೋ ಅವರಿಗೇ ಅತಿ ಕಡಿಮೆ ಹೇಳಿದ್ದೇವೆ.

ಏನು ಹೇಳಬೇಕು ಎಂಬುದು ದೊಡ್ಡ ವಿದ್ಯೆಯಲ್ಲ. ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್, ಈ ಎರಡರ ಪರೀಕ್ಷೆ. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬರೆಯಲು ಮರೆಯುತ್ತಾರೆ. ಫಲಿತಾಂಶ ಬಂದ ದಿನ ಆ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಕೈಗೆ ಕೊಡಿ. ಮುಂದಿನ ಸಲ ಬೇರೆ ಕ್ಲಿನಿಕ್‌ಗೆ ಹೋದರೂ ಚೀಟಿ ಜೇಬಿನಲ್ಲಿರುತ್ತದೆ. ಬಿ.ಪಿ. ಇಳಿಸಿ ಕಿಡ್ನಿಯನ್ನೂ ಕಾಯುವ ಲಿಸಿನೊಪ್ರಿಲ್ ಮಾತ್ರೆ ದೊಡ್ಡ ಅಂಗಡಿಗಳ ಔಷಧ ವಿಭಾಗದಲ್ಲಿ ವಿಮೆಯಿಲ್ಲದೆಯೂ ತಿಂಗಳಿಗೆ ನಾಲ್ಕು ಡಾಲರ್‌ಗೆ ಸಿಗುತ್ತದೆ. ಆದಾಯ ನೋಡಿ ಶುಲ್ಕ ಹಾಕುವ ಸಮುದಾಯ ಆರೋಗ್ಯ ಕೇಂದ್ರಗಳಿವೆ. ಈ ಎರಡು ಸಂಗತಿ ತಿಳಿಯದೆ ಮಾತ್ರೆ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ.

ನೋವಿನ ಮಾತ್ರೆಯ ವಿಷಯ ಇದಕ್ಕಿಂತ ಗಂಭೀರ. ಇಡೀ ದಿನ ಸಿಮೆಂಟ್ ಹೊತ್ತವನಿಗೆ ಸಂಜೆ ಸೊಂಟ ನೋಯುತ್ತದೆ. ಕಿಡ್ನಿಗೆ ಪೆಟ್ಟು ಕೊಡುವ ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಎಲ್ಲ ಅಂಗಡಿಯಲ್ಲೂ ಇವೆ. ಗಡಿಯಾಚೆಯಿಂದ ತರಿಸಿಕೊಳ್ಳುವ, ಬಿ ವಿಟಮಿನ್ ಜೊತೆ ಅಂಥದ್ದೇ ನೋವಿನ ಔಷಧವಾದ ಡೈಕ್ಲೋಫೆನಾಕ್ ಬೆರೆಸಿದ ಮಾತ್ರೆಯನ್ನು ಅವರು ಶಕ್ತಿಯ ಮಾತ್ರೆ ಎಂದೇ ತಿಳಿದಿರುತ್ತಾರೆ. "ಏನಾದರೂ ಔಷಧ ತಗೊಳ್ತೀರಾ?" ಎಂದರೆ ಇಲ್ಲ ಎನ್ನುತ್ತಾರೆ. ವಿಟಮಿನ್ ಅವರಿಗೆ ಔಷಧವಲ್ಲ. "ಮೈಕೈ ನೋವಿಗೆ ಏನು ತಗೊಳ್ತೀರಿ, ಡಬ್ಬಿ ತಂದು ತೋರಿಸಿ" ಎಂದು ಕೇಳಿದಾಗ ಚೀಲದಿಂದ ಡಬ್ಬಿ ಹೊರಬರುತ್ತದೆ.

ಬಿಸಿಲಿನ ಮಾತನ್ನೂ ನೀವು ಆಡಬೇಕು. ಎಲ್ ಸಾಲ್ವಡೋರ್, ನಿಕರಾಗುವಾಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆಯೂ ಇಲ್ಲದ, ಬಿ.ಪಿ.ಯೂ ಇಲ್ಲದ ಎಳೆ ಗಂಡಸರು ಕಿಡ್ನಿ ಸೋತು ಸಾಯುತ್ತಿರುವುದನ್ನು ಅಲ್ಲಿನ ವೈದ್ಯರು 2002ರಿಂದ ಬರೆಯುತ್ತಿದ್ದಾರೆ. ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂನಲ್ಲೂ, ಶ್ರೀಲಂಕಾದ ಅನುರಾಧಪುರದ ಸುತ್ತಲೂ ಇಂಥದ್ದೇ ಕಾಯಿಲೆ ಊರೂರನ್ನೇ ಹಿಡಿದಿದೆ. ಕಾರಣ ಇನ್ನೂ ಪೂರ್ತಿ ಬಗೆಹರಿಯದಿದ್ದರೂ ಮಧ್ಯ ಅಮೆರಿಕದಲ್ಲಿ ಬಿಸಿಲು, ನೀರಡಿಕೆ, ಬಿಡುವಿಲ್ಲದ ದುಡಿಮೆಗಳ ಕಡೆಗೆ ಸಾಕ್ಷ್ಯ ಬೊಟ್ಟು ಮಾಡುತ್ತದೆ. ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ದುಡಿಯುವವರನ್ನು ಪರೀಕ್ಷಿಸಿದಾಗ, ಒಂದೇ ದಿನದ ಪಾಳಿ ಮುಗಿಯುವಷ್ಟರಲ್ಲಿ ನೂರಕ್ಕೆ ಸುಮಾರು 12 ಮಂದಿಯ ಕಿಡ್ನಿಗೆ ಪೆಟ್ಟು ಬಿದ್ದಿರುವುದು ರಕ್ತದಲ್ಲಿ ಕಂಡಿತ್ತು. ಆ ರಾಜ್ಯದಲ್ಲಿ 2005ರಿಂದಲೇ ನೀರು, ನೆರಳು, ವಿರಾಮದ ಕಾನೂನಿದೆ. ಇಲ್ಲಿ ಆಸ್ಟಿನ್, ಡಲ್ಲಾಸ್ ನಗರಗಳು ಕಟ್ಟಡ ಕಾರ್ಮಿಕರಿಗೆ ಕಡ್ಡಾಯ ಮಾಡಿದ್ದ ಹತ್ತು ನಿಮಿಷದ ವಿರಾಮವನ್ನೂ ಅಳಿಸಿಹಾಕುವಂಥ ಕಾನೂನನ್ನು ಟೆಕ್ಸಾಸ್ 2023ರಲ್ಲಿ ಮಾಡಿತು. ಜುಲೈ ತಿಂಗಳ ಹೂಸ್ಟನ್ ಬಿಸಿಲು ಗೊತ್ತಿರುವ ಯಾರಿಗೂ ಅದರ ಅರ್ಥ ವಿವರಿಸಬೇಕಾಗಿಲ್ಲ. ಎಲ್ ಸಾಲ್ವಡೋರ್‌ನಲ್ಲಿ ಹದಿಹರೆಯದಲ್ಲಿ ಕಬ್ಬು ಕಡಿದು, ಈಗ ಇಲ್ಲಿ ಛಾವಣಿ ಮೇಲೆ ದುಡಿಯುವವನು ನಿಮ್ಮೆದುರು ಕೂತಾಗ ಅವನ ವಯಸ್ಸು ನೋಡಿ ಕಿಡ್ನಿ ಪರೀಕ್ಷೆ ಬಿಡಬೇಡಿ. ಏನು ಕೆಲಸ, ಎಷ್ಟು ಹೊತ್ತು, ನೀರು ಕುಡಿಯಲು ಬಿಡುತ್ತಾರಾ ಎಂದು ಕೇಳಿ.

ಇನ್ನು ಊಟ. ಇದು ನನ್ನ ಕ್ಷೇತ್ರ, ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ. ಎಷ್ಟೋ ಕೇಂದ್ರಗಳಲ್ಲಿ ಕೊಡುವ ಸ್ಪ್ಯಾನಿಷ್ ಹಾಳೆ ಇಂಗ್ಲಿಷ್ ಹಾಳೆಯನ್ನು ಹಾಗೆಯೇ ತಿರುಗಿಸಿದ್ದು. ಮೆಕ್ಸಿಕೊದ ಹೆಂಗಸು ಎಂದೂ ಮಾಡದ ಅಡುಗೆಗಳ ಹೆಸರು ಅದರಲ್ಲಿ ತುಂಬಿರುತ್ತದೆ. ಅವಳಿಗೆ ಅರ್ಥವಾಗುವ ಒಂದೇ ಸಾಲು: ಕಾಳು ತಿನ್ನಬೇಡಿ. ದಿನಕ್ಕೆ ಎರಡು ಹೊತ್ತು ಕಾಳು, ಮೆಕ್ಕೆಜೋಳದ ತೊರ್ತಿಯಾ ರೊಟ್ಟಿ ತಿಂದು ಬೆಳೆದವಳಿಗೆ ಅದನ್ನು ಬಿಡಿ ಎಂದರೆ ಅವಳು ಏನು ತಿನ್ನಬೇಕು? ಕೊನೆಗೆ ಕೈಗೆ ಸಿಗುವುದು ಅಗ್ಗದ ಸಾಸೇಜು, ಕಪ್ ನೂಡಲ್ಸ್, ಕಪ್ಪು ಕೋಲಾ. ಅಲ್ಲಿಗೆ ಕಿಡ್ನಿಗೆ ಕೇಡಾಯಿತು. ಸೋತ ಕಿಡ್ನಿ ಹೊರಹಾಕಲಾರದ ರಂಜಕ (ಫಾಸ್ಫರಸ್) ಕಾಳಿನಲ್ಲೂ ಇದೆ, ಆದರೆ ಅದು ಫೈಟೇಟ್ ಎಂಬ ರೂಪದಲ್ಲಿ ಕಟ್ಟಿಹಾಕಿಕೊಂಡಿರುವುದರಿಂದ ಅರ್ಧಕ್ಕಿಂತ ಕಡಿಮೆ ಮೈಗೆ ಹತ್ತುತ್ತದೆ. ಕಾರ್ಖಾನೆಯಲ್ಲಿ ಮಾಂಸಕ್ಕೂ ಕೋಲಾಕ್ಕೂ ಬೆರೆಸುವ ಫಾಸ್ಫೇಟ್ ಬಹುಪಾಲು ನೇರ ರಕ್ತಕ್ಕೆ ಇಳಿಯುತ್ತದೆ. ಕಿಡ್ನಿ ರೋಗಿಗಳಿಗಾಗಿ ಬಂದ 2020ರ ಆಹಾರ ಮಾರ್ಗಸೂಚಿಯೂ ರಂಜಕ ಎಲ್ಲಿಂದ ಬಂತು ಎಂಬುದನ್ನು ನೋಡಿ ಎನ್ನುತ್ತದೆ. ನಾನು ಹೇಳುವುದು ಇಷ್ಟು: ಕಾಳನ್ನು ರಾತ್ರಿ ನೆನೆಹಾಕಿ, ಆ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಸಿದು, ಪೊಟ್ಯಾಶಿಯಂ ನೋಡಿಕೊಂಡು ಅರ್ಧ ಬಟ್ಟಲು ತಿನ್ನಿ. ಪೊಟ್ಟಣದ ಮೈದಾ ತೊರ್ತಿಯಾಕ್ಕಿಂತ ಮೆಕ್ಕೆಜೋಳದ್ದೇ ವಾಸಿ, ಉಪ್ಪು ಕಡಿಮೆ. ಎಲ್ಲ ಅಡುಗೆಗೂ ಚಿಟಿಕೆ ಚಿಟಿಕೆ ಹಾಕುವ ಕೋಳಿ ಸಾರಿನ ಪುಡಿಯ ಡಬ್ಬಿಯನ್ನು ದೂರ ಇಡಿ, ಬದಲಿಗೆ ನಿಂಬೆ, ಕೊತ್ತಂಬರಿ, ಬೆಳ್ಳುಳ್ಳಿ. "ಉಪ್ಪಿಗೆ ಬದಲಿ" ಎಂದು ಮಾರುವ ಡಬ್ಬಿ ಇನ್ನೂ ಅಪಾಯ, ಅದು ಪೊಟ್ಯಾಶಿಯಂ ಕ್ಲೋರೈಡ್. ಲ್ಯಾಟಿನೊ ಸಂತೆಗಳಲ್ಲಿ ಸಿಗುವ ನಕ್ಷತ್ರದಾಕಾರದ ಹಣ್ಣು, ನಮ್ಮ ಕರಾವಳಿಯ ದಾರೆಹುಳಿ, ಕಿಡ್ನಿ ಸೋತವರಿಗೆ ವಿಷವೇ ಸರಿ. ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗುತ್ತದೆ. ಇಂಥ ಒಂದು ಮಾತನ್ನು ಅಡುಗೆ ಮಾಡುವವರಿಗೆ ಹೇಳಬೇಕು. ರೋಗಿಯನ್ನು ಕರೆದು ಬುದ್ಧಿ ಹೇಳಿ ಕಳಿಸುತ್ತೀರಿ, ಅಡುಗೆ ಮಾಡುವ ಹೆಂಡತಿ ಹೊರಗೆ ಕಾರಿನಲ್ಲಿ ಕಾಯುತ್ತಿರುತ್ತಾಳೆ.

ಭಾಷೆಯ ವಿಷಯದಲ್ಲಿ ನಿಮಗೆ ನೆನಪಿಸಬೇಕಾದದ್ದು ಹೆಚ್ಚಿಲ್ಲ. ಗ್ವಾಟೆಮಾಲಾದಿಂದ ಬಂದ ಎಷ್ಟೋ ಜನರ ಮನೆಮಾತು ಮಾಮ್ ಅಥವಾ ಕಿಚೆ. ಸ್ಪ್ಯಾನಿಷ್ ಅವರಿಗೆ ಸಂತೆಯ ಭಾಷೆ. ಅವರ ಕೈಗೆ ಸ್ಪ್ಯಾನಿಷ್ ಹಾಳೆ ಕೊಟ್ಟು "ಅವರ ಭಾಷೆಯಲ್ಲೇ ಕೊಟ್ಟೆವು" ಎನ್ನುವುದು, ಪುತ್ತೂರಿನ ಹಳ್ಳಿಯಲ್ಲಿ ತುಳು ಮಾತಾಡುವ ಅಜ್ಜಿಗೆ ಬ್ಯಾಂಕಿನವರು ಹಿಂದಿ ಅರ್ಜಿ ಕೊಟ್ಟ ಹಾಗೆ. ಮಕ್ಕಳನ್ನು ದುಭಾಷಿ ಮಾಡುವುದಂತೂ ನಿಲ್ಲಲೇಬೇಕು. ತಂದೆಯ ಕಿಡ್ನಿ ಸೋತಿದೆ ಎಂಬ ಮಾತನ್ನು ಹನ್ನೊಂದು ವರ್ಷದ ಹುಡುಗಿಯ ಬಾಯಿಂದ ಹೇಳಿಸುವುದು ಕ್ರೌರ್ಯ. ಒಬಾಮಾ ಕಾಲದ ಆರೋಗ್ಯ ಕಾನೂನಿನ 1557ನೇ ಸೆಕ್ಷನ್ ಅಡಿಯ ನಿಯಮ ಅದಕ್ಕೆ ಅವಕಾಶವನ್ನೇ ಕೊಟ್ಟಿಲ್ಲ, ತುರ್ತಿನ ಹೊತ್ತು ಬಿಟ್ಟು. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆ ಮಾಡಿದ ಆದೇಶ, ಬೇರೆ ಭಾಷಿಕರಿಗೆ ನೆರವಾಗಲು ಕ್ಲಿಂಟನ್ 2000ದಲ್ಲಿ ಹೊರಡಿಸಿದ್ದ ಆದೇಶವನ್ನು ಹಿಂತೆಗೆದುಕೊಂಡಿತು. ಇದನ್ನೇ ನೆಪ ಮಾಡಿಕೊಂಡು ದುಭಾಷಿಯ ಖರ್ಚು ಕಡಿತ ಮಾಡೋಣ ಎಂಬ ಮಾತು ನಿಮ್ಮ ಸಭೆಯಲ್ಲಿ ಬಂದರೆ, ಆ 1557ನೇ ಸೆಕ್ಷನ್ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಮಾಡಿದ ಕಾನೂನಿನ ಭಾಗ, ಅಧ್ಯಕ್ಷರ ಆದೇಶದಿಂದ ಅಳಿಯುವುದಿಲ್ಲ ಎಂದು ದಯವಿಟ್ಟು ಎದ್ದು ಹೇಳಿ.

ಈಗ ಭಯವೂ ಸೇರಿಕೊಂಡಿದೆ. 2024ರ ನವೆಂಬರ್‌ನಿಂದ ಟೆಕ್ಸಾಸ್‌ನ ಆಸ್ಪತ್ರೆಗಳು ರಾಜ್ಯಪಾಲರ ಆದೇಶದಂತೆ ರೋಗಿಯ ವಲಸೆ ಸ್ಥಿತಿ ಕೇಳುತ್ತಿವೆ. ಉತ್ತರ ಕೊಡದಿದ್ದರೂ ಚಿಕಿತ್ಸೆ ಸಿಗಬೇಕು, ಆದರೆ ಅದನ್ನು ರೋಗಿಗೆ ಬಿಡಿಸಿ ಹೇಳುವವರು ಕಡಿಮೆ. 2025ರ ಜನವರಿಯಲ್ಲಿ ಆಸ್ಪತ್ರೆ, ಶಾಲೆ, ಚರ್ಚುಗಳೊಳಗೆ ವಲಸೆ ಪೊಲೀಸರು ಬಾರದಂತಿದ್ದ ಹಳೆಯ ನೀತಿಯನ್ನು ರದ್ದುಮಾಡಿದರು. ಅಂದಿನಿಂದ ಮೂತ್ರ ಪರೀಕ್ಷೆಗೆ ಬರಬೇಕಾದವರು ಬರುತ್ತಿಲ್ಲ. ಅವರು ಬರುವುದಿಲ್ಲವೆಂದರೆ ನಾವೇ ಹೋಗಬೇಕು. ನಮ್ಮೂರಿನ ಆಶಾ ಕಾರ್ಯಕರ್ತೆಯರ ಹಾಗೆ ಅವರಲ್ಲಿ ಪ್ರೊಮೊತೋರಾಗಳೆಂಬ ಹೆಂಗಸರಿದ್ದಾರೆ. ಅದೇ ಬೀದಿಯವರು, ಅದೇ ಚರ್ಚಿನವರು. ಭಾರಿ ಹೆದರಿಕೆಯೊಂದರಿಂದ ಸಕ್ಕರೆ ಕಾಯಿಲೆ ಬಂತು ಎಂದು ನಂಬಿದ ತಾಯಿಯನ್ನು ಅವರು ನಗದೆ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಮಾತ್ರೆಯ ಮಾತಿಗೆ ಬರುತ್ತಾರೆ. ಅವರಿಗೆ ಸಂಬಳ ಕೊಡಿ. ದಣಿದು ಬಂದ ಹೆಂಗಸಿನಿಂದ ಪುಕ್ಕಟೆ ಸೇವೆ ಕೇಳುವುದು ನ್ಯಾಯವಲ್ಲ.

ಕಿಡ್ನಿ ಕಸಿಯ ಬಗ್ಗೆ ಮಾತಾಡಲು ಅನೇಕರು ಹಿಂಜರಿಯುತ್ತಾರೆ, ಹೇಗೂ ಸಿಗುವುದಿಲ್ಲ ಎಂದು. ಸಿಕ್ಕಿದ ಕಡೆಗಳಿವೆ. ಷಿಕಾಗೊದ ನಾರ್ತ್‌ವೆಸ್ಟರ್ನ್‌ನಲ್ಲಿ ಡಾ. ಹ್ವಾನ್ ಕಾರ್ಲೋಸ್ ಕೈಸೆಡೊ 2006ರಲ್ಲಿ ಸ್ಪ್ಯಾನಿಷ್ ಬಲ್ಲ ವೈದ್ಯರು, ನರ್ಸ್‌ಗಳು, ಸಮಾಜ ಕಾರ್ಯಕರ್ತರನ್ನೇ ಸೇರಿಸಿ ಕಸಿ ವಿಭಾಗ ಕಟ್ಟಿದರು. ಇಡೀ ಕುಟುಂಬವನ್ನು ಕರೆದು ಪಾಠ ಮಾಡಿದರು, ಏಕೆಂದರೆ ಆ ಮನೆಗಳಲ್ಲಿ ಕಿಡ್ನಿ ಕೊಡುವ ತೀರ್ಮಾನ ಒಬ್ಬರದಲ್ಲ. ಬದುಕಿರುವ ದಾನಿಗಳಿಂದ ಕಸಿ ಪಡೆದ ಲ್ಯಾಟಿನೊಗಳ ಪ್ರಮಾಣ ಗಮನಾರ್ಹವಾಗಿ ಏರಿತು. ಕಾಗದಪತ್ರವಿಲ್ಲದವರ ಕಸಿಗೂ ನೆರವಾಗುವ ಕಾನೂನನ್ನು ಇಲಿನಾಯ್ 2014ರಲ್ಲಿ ಮಾಡಿತು. ಕಾಗದಪತ್ರ ಇಲ್ಲದವರ ಅಂಗಗಳನ್ನು ಸತ್ತಾಗ ದಾನವಾಗಿ ತೆಗೆದುಕೊಳ್ಳುವ ದೇಶ, ಬದುಕಿದ್ದಾಗ ಅವರಿಗೊಂದು ಕಿಡ್ನಿ ಕೊಡಲು ಹಿಂದೆಗೆಯುವುದನ್ನು ನಾನು ಹೇಗೂ ಒಪ್ಪಲಾರೆ. ಇರುವುದನ್ನು ಇರುವ ಹಾಗೆ ರೋಗಿಗೆ ಹೇಳಿ: ಈ ರಾಜ್ಯದಲ್ಲಿ ನಿಮಗೆ ಇದು ಸಿಗುತ್ತದೆ, ಇದು ಸಿಗುವುದಿಲ್ಲ, ಆ ರಾಜ್ಯದಲ್ಲಿ ಸಿಗುತ್ತದೆ, ಸರ್ಕಾರಿ ವಿಮಾ ಮಾರುಕಟ್ಟೆಯ ಹೊರಗೆ ನೇರವಾಗಿ ವಿಮೆ ಕೊಳ್ಳಲು ಕಾನೂನಿನ ಅಡ್ಡಿಯಿಲ್ಲ. ಮರೆಮಾಚಿದ ಕರುಣೆ ಅವರಿಗೆ ಬೇಡ.

ನಿಮ್ಮಿಂದ ನಾನು ಕೇಳುವುದು, ಈ ತಿಂಗಳೇ ನಿಮ್ಮ ಕ್ಲಿನಿಕ್‌ನ ಪಟ್ಟಿ ತೆಗೆಸಿ, ಮೂರು ಮತ್ತು ನಾಲ್ಕನೇ ಹಂತದಲ್ಲಿರುವ, ಇಂಗ್ಲಿಷ್ ಬಾರದ ರೋಗಿಗಳು ಯಾರು ಎಂದು ನೋಡಿ. ಅವರನ್ನೂ ಮನೆಯಲ್ಲಿ ಅಡುಗೆ ಮಾಡುವವರನ್ನೂ ಭಾನುವಾರ ಮಧ್ಯಾಹ್ನ, ಪೂಜೆ ಮುಗಿದ ಮೇಲೆ, ಚರ್ಚಿನ ಸಭಾಂಗಣಕ್ಕೆ ಕರೆಯಿರಿ. ವಾರದ ದಿನ ಬೆಳಿಗ್ಗೆ ಹತ್ತಕ್ಕೆ ಕರೆದರೆ ಒಂದು ದಿನದ ಕೂಲಿ ಹೋಗುತ್ತದೆ. ಓದು ಬಾರದವರಿಗೆ ಎರಡು ನಿಮಿಷದ ವಾಟ್ಸಾಪ್ ಧ್ವನಿ ಸಂದೇಶ ಕಳಿಸಿ. ಅವರ ಮನೆಗಳಲ್ಲೂ ನಮ್ಮ ಮನೆಗಳಲ್ಲಿರುವಂತೆಯೇ ಇಡೀ ಬಳಗಕ್ಕೆ ಒಂದು ಗುಂಪು ಇರುತ್ತದೆ. ಡಯಾಲಿಸಿಸ್‌ಗಾಗಿ ತೋಳಿನ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಹದಕ್ಕೆ ಬರಲು ಎರಡು ಮೂರು ತಿಂಗಳು ಬೇಕು. ಅದಕ್ಕಾಗಿ ಆ ಮಾತನ್ನು ಕೊನೆಯ ವಾರಕ್ಕೆ ಉಳಿಸಬೇಡಿ.

ಕಾಳು, ಮೆಕ್ಕೆಜೋಳದ ತೊರ್ತಿಯಾ, ಸಾರಿನ ಪುಡಿ, ನೋವಿನ ಮಾತ್ರೆಗಳ ಬಗ್ಗೆ ಸ್ಪ್ಯಾನಿಷ್‌ನಲ್ಲಿ, ಚಿತ್ರಗಳ ಸಮೇತ ನಾನೂ ಇಬ್ಬರು ಪ್ರೊಮೊತೋರಾಗಳೂ ಸೇರಿ ಮಾಡಿದ ಹಾಳೆಗಳಿವೆ. ಮಾಮ್ ಭಾಷೆಯ ಧ್ವನಿಮುದ್ರಣ ನಡೆದಿದೆ. ನಿಮ್ಮ ಕೇಂದ್ರಕ್ಕೆ ಬೇಕಿದ್ದರೆ ಮುಂದಿನ ಕನ್ನಡ ಕೂಟದ ಸಭೆಯಲ್ಲಿ ಕೇಳಿ, ತಂದುಕೊಡುತ್ತೇನೆ. ಭಾನುವಾರದ ಮೊದಲ ತರಗತಿಗೆ ನಿಮ್ಮ ಜೊತೆ ಬರಲೂ ಸಿದ್ಧಳಿದ್ದೇನೆ.

ಗೌರವದೊಂದಿಗೆ,
ಟೆಕ್ಸಾಸ್‌ನ ಒಬ್ಬ ಕನ್ನಡತಿ ಡಯಟಿಷಿಯನ್